ನಡುವಿನ ನಾಳ

ಮಾರ್ಚ್ 4, ಮಂಗಳವಾರ

...'ತೂಕ ಗೊತ್ತಿಲ್ಲದವರನ್ನು ಮಲಗಿಸಬೇಡ' ಎಂದಿದ್ದರೋ, 'ಮುಖ ಗೊತ್ತಿಲ್ಲದವರನ್ನು' ಎಂದಿದ್ದರೋ, ಈಗ ಖಚಿತವಿಲ್ಲ. ನನಗೆ ಅರಿವಳಿಕೆ ಕಲಿಸಿದ ಪ್ರೊಫೆಸರು ಪ್ರತಿ ವಾಕ್ಯದ ಒಂದು ಭಾಗವನ್ನು ಮಾಸ್ಕಿನೊಳಗೇ ನುಂಗಿಬಿಡುತ್ತಿದ್ದರು. ಇಪ್ಪತ್ತೇಳು ವರ್ಷಗಳಿಂದ ಅದು ತೂಕವೇ ಇರಬೇಕೆಂದುಕೊಂಡು ಕೆಲಸ ಮಾಡಿದ್ದೇನೆ. ತೂಕ ತಿಳಿದರೆ ಔಷಧದ ಪ್ರಮಾಣ ತಿಳಿಯುತ್ತದೆ. ಮುಖದಿಂದ ನನಗೆ ಬೇಕಾದ್ದೇನೂ ತಿಳಿಯುವುದಿಲ್ಲ.

ಇವತ್ತು ತೂಕ ಕೇಳಿದರೆ ಉತ್ತರವಿರಲಿಲ್ಲ. ಭಾನುವಾರ ಹುಟ್ಟಿದ ಅವಳಿ, ಎರಡೂ ಹೆಣ್ಣು, ಒಂದಕ್ಕೊಂದು ಅಂಟಿಕೊಂಡಿವೆ. ಎದೆಗೂಡಿನ ಕೆಳತುದಿಯಿಂದ ಹೊಕ್ಕುಳಿನವರೆಗೆ ಒಂದೇ ಚರ್ಮ. ಎದುರುಬದುರಾಗಿ ಮಲಗಿವೆ, ಏನೋ ಗುಟ್ಟು ಹೇಳಿಕೊಳ್ಳುವವರ ಹಾಗೆ. ಒಂದು ದೊಡ್ಡದು, ಕೆಂಪಗಿದೆ. ಇನ್ನೊಂದು ಚಿಕ್ಕದು, ಬಿಳಿಚಿಕೊಂಡಿದೆ. ತಕ್ಕಡಿಯಲ್ಲಿ ನಾಲ್ಕು ಕಿಲೋ ಮುನ್ನೂರು ಗ್ರಾಂ.

"ಯಾರದ್ದು ಎಷ್ಟು?" ಎಂದೆ.

ವಾರ್ಡಿನ ಹಿರಿಯ ನರ್ಸನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಂದನ್ನ ತಕ್ಕಡಿ ಮೇಲಿಟ್ಟು ಇನ್ನೊಂದನ್ನ ನಾನು ಎತ್ತಿ ಹಿಡ್ಕೊಂಡು ನಿಂತಿರ್ಬೇಕಾ ಮೇಡಂ?"

ಶಸ್ತ್ರಚಿಕಿತ್ಸಕರು ಬಂದರು. ಕೊಯ್ಯುವಾಗಲೂ ಪಾಠ ಹೇಳುವುದನ್ನು ಬಿಡದ ಅವರಿಗೆ ಮೇಷ್ಟ್ರು ಎಂಬ ಹೆಸರಿದೆ. ಕೆಲಸ ಹಂಚಿದರು: ಎರಡು ಮಗು, ಎರಡು ತಂಡ, ಇಬ್ಬರು ಅರಿವಳಿಕೆಯವರು. ದೊಡ್ಡದು ನನ್ನ ಕಿರಿಯ ಸಹೋದ್ಯೋಗಿ ಗಡಿಬಿಡಿಗೆ. (ನಡೆಯುವಾಗ ಮಾತ್ರ ಗಡಿಬಿಡಿ. ಕೈ ಶಾಂತ.) ಚಿಕ್ಕದು ನನಗೆ.

"ಚಿಕ್ಕದರ ಹೃದಯದಲ್ಲಿ ಜೀವ ಇಲ್ಲ," ಎಂದರು ಮೇಷ್ಟ್ರು. "ಮನೆ ದೊಡ್ಡದರದು. ಇದು ನೆಂಟರ ಥರ ಬಂದು ಕೂತಿದೆ, ಏಳೋ ಮಾತೇ ಇಲ್ಲ. ಅನುಭವ ಇರೋರು ಅಂತ ನಿಮಗೆ ಕೊಡ್ತಿದೀನಿ."

ಅನುಭವ ಯಾವುದಕ್ಕೆ ಎಂದು ಅವರು ಹೇಳಲಿಲ್ಲ.

ಮಾರ್ಚ್ 5, ಬುಧವಾರ

ತಂದೆ ತಾಯಿಯರ ಭೇಟಿ. ತಂದೆ ಬಸ್ ಚಾಲಕ. ಎಷ್ಟು ಗಂಟೆ, ಎಷ್ಟು ದಿನ ಎಂದು ಮಾತ್ರ ಕೇಳುತ್ತಾನೆ. ತಾಯಿ ಬಟ್ಟೆ ಕಾರ್ಖಾನೆಯ ಕತ್ತರಿಸುವ ವಿಭಾಗದವಳು. ಅವಳ ಹೊಟ್ಟೆಯ ಹೊಲಿಗೆಯೇ ಇನ್ನೂ ಹಸಿ, ಬೆಂಚಿನ ತುದಿಯಲ್ಲಿ ಒಂದು ಕೈ ಊರಿ ಕೂತಿದ್ದಳು. ಮೇಷ್ಟ್ರು ಕಾಗದದ ಮೇಲೆ ಎರಡು ಮಕ್ಕಳನ್ನು ಬರೆದು ನಡುವೆ ಗೆರೆ ಎಳೆದು ತೋರಿಸಿದರು.

"ಹೊಲಿಗೆಗೆ ಅಂಚು ಬಿಟ್ಕೊಂಡಿದೀರಾ?" ಎಂದಳು.

ಮೇಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಾಗದವನ್ನು ತಿರುಗಿ ನೋಡಿದರು. ಬಿಟ್ಟಿರಲಿಲ್ಲ. ಎರಡು ಹೊಟ್ಟೆ ಮುಚ್ಚಲು ಇರುವುದು ಒಂದೂವರೆ ಹೊಟ್ಟೆಯಷ್ಟು ಚರ್ಮ.

ಮಾರ್ಚ್ 7, ಶುಕ್ರವಾರ

ಸ್ಕ್ಯಾನ್ ಆಯಿತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮಕ್ಕಳು ಅಲುಗಾಡದೆ ಇರಬೇಕು, ಅದಕ್ಕೆ ಮಲಗಿಸುವ ಔಷಧ. ತೂಕ ಬೇಕು. ನಾನು ನಾಲ್ಕು ಕಿಲೋ ಮುನ್ನೂರನ್ನು ಎರಡರಿಂದ ಭಾಗಿಸಿದೆ. ಕಣ್ಣಿದ್ದವರು ಯಾರೂ ಹಾಗೆ ಮಾಡುವುದಿಲ್ಲ. ಒಂದು ಇನ್ನೊಂದರ ಒಂದೂವರೆ ಪಟ್ಟು ಇರುವುದು ಕಾಣುತ್ತಿತ್ತು. ಆದರೆ ಅಂದಾಜು ನನಗೆ ಆಗದು, ಭಾಗಾಕಾರವಾದರೂ ಲೆಕ್ಕ ಎನಿಸಿತು.

"ಯಾರಿಗೆ ಮೊದಲು?" ಎಂದರು ದೊಡ್ಡಮ್ಮ. ಚಿಕ್ಕದಕ್ಕೆ ಎಂದೆ. ಚಿಕ್ಕದು ದೊಡ್ಡದರ ರಕ್ತದಲ್ಲಿ ಬದುಕಿದೆ, ಹರಿವು ಆ ಕಡೆಯಿಂದ ಈ ಕಡೆಗೆ, ಹಾಗಾಗಿ ಇದಕ್ಕೆ ಕೊಟ್ಟದ್ದು ಇದರಲ್ಲೇ ಉಳಿಯುತ್ತದೆ. ಅದು ನನ್ನ ತರ್ಕ. ಚಿಕ್ಕದರ ಪಾದದ ಸೂಜಿಯಲ್ಲಿ ಔಷಧ ಹಾಕಿದೆ. ಕಾದೆ. ಅದು ಮಲಗಲಿಲ್ಲ. ಯಂತ್ರದ ಬಿಳಿ ಬಳೆಯನ್ನು ನೋಡುತ್ತ ಇತ್ತು.

ಉಸಿರು ನಿಂತದ್ದು ದೊಡ್ಡದರದು.

ಮಾಸ್ಕ್ ಹಿಡಿದು ಚೀಲ ಒತ್ತಿದೆ. ಇಪ್ಪತ್ತರವರೆಗೆ ಎಣಿಸಿದ ನೆನಪಿದೆ. ತುಟಿಯ ಬಣ್ಣ ತಿರುಗಿತು, ಒಂದು ನಿಮಿಷದೊಳಗೆ ತಾನಾಗಿ ಉಸಿರಾಡಿತು. ಗಡಿಬಿಡಿ ಓಡಿಬರುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಸ್ಕ್ಯಾನ್ ಮುಗಿಸಿದೆವು. ದಾಖಲೆಯಲ್ಲಿ ಹೀಗೆ ಬರೆದೆ: 'ದೊಡ್ಡ ಮಗುವಿನ ಉಸಿರಾಟ ಅಲ್ಪಕಾಲ ನಿಂತಿತ್ತು. ಸಹಾಯದಿಂದ ಸರಿಹೋಯಿತು.' ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಔಷಧ ಯಾರ ಪಾದಕ್ಕೆ ಹಾಕಿದೆ ಎಂದು ಬರೆಯಲಿಲ್ಲ. ಎಷ್ಟು ಎಂದೂ ಬರೆಯಲಿಲ್ಲ.

ಹೊರಗೆ ಬಂದಾಗ ತಾಯಿ ಬಾಗಿಲ ಎದುರಿಗೇ ನಿಂತಿದ್ದಳು. ಆಯ್ತು ಎಂದು ಹೇಳಿ ಮುಂದೆ ಹೋದೆ.

ಮಾರ್ಚ್ 8, ಶನಿವಾರ

ರಜೆ. ಅಕ್ಕ ಮೇಜಿನ ತುಂಬ ಯಾವುದೋ ಪುಸ್ತಕದ ಕರಡಚ್ಚು ಹರಡಿಕೊಂಡು ತಿದ್ದುತ್ತಿದ್ದಳು. ನನ್ನ ಕಾಫಿ ಲೋಟಕ್ಕೆ ಜಾಗವಿರಲಿಲ್ಲ. ನಿಂತೇ ಕುಡಿದೆ.

ಮಾರ್ಚ್ 13, ಗುರುವಾರ

ಸ್ಕ್ಯಾನ್ ವರದಿ ಇಟ್ಟುಕೊಂಡು ಸಭೆ. ಹೃದಯ ಎರಡು, ಬೇರೆ ಬೇರೆ. ಕರುಳು ಬೇರೆ. ಲಿವರ್ ಮಾತ್ರ ಕೂಡಿಕೊಂಡಿದೆ, ಸೇತುವೆಯ ಹಾಗೆ. ಸೇತುವೆಯ ನಡುವೆ ಒಂದು ದಪ್ಪ ರಕ್ತನಾಳ. ಒಂದೇ. ಅದನ್ನು ಸೀಳಿ ಹಂಚಲಾಗದು, ಯಾರಾದರೂ ಒಬ್ಬರ ಕಡೆಗೆ ಬಿಡಬೇಕು. ಇನ್ನೊಬ್ಬರಿಗೆ ಬೇರೆ ಕಡೆಯ ಸಣ್ಣ ನಾಳದ ತುಂಡಿನಿಂದ ದಾರಿ ಮಾಡಿಕೊಡಬೇಕು. ಆ ದಾರಿ ತೆರೆದಿದ್ದರೆ ಮಗು ಉಳಿಯುತ್ತದೆ, ಮುಚ್ಚಿಕೊಂಡರೆ ಇಲ್ಲ.

"ದೊಡ್ಡದಕ್ಕೆ," ಎಂದರು ಮೇಷ್ಟ್ರು. ಯಾರೂ ಬೇರೆ ಹೇಳಲಿಲ್ಲ. ಎರಡೂ ಈಗಲೇ ಬಳಲುತ್ತಿವೆ, ತಿಂಗಳೊಳಗೆ ಬೇರ್ಪಡಿಸದಿದ್ದರೆ ಎರಡೂ ಹೋಗುತ್ತವೆ.

ಒಪ್ಪಿಗೆ ಪತ್ರಕ್ಕೆ ಒಂದು ಸಾಲು ಸೇರಿಸಿದರು: 'ಆಯ್ಕೆ ಮಾಡಬೇಕಾಗಿ ಬಂದಲ್ಲಿ ದೊಡ್ಡ ಮಗುವಿನ ಜೀವಕ್ಕೆ ಆದ್ಯತೆ.' ತಂದೆ ಸಹಿ ಹಾಕಿದ. ತಾಯಿ ಸಾಲನ್ನು ಎರಡು ಸಲ ಓದಿ, ಪೆನ್ನು ಸರಿಯಾಗಿ ಬರೆಯುತ್ತಿಲ್ಲ ಎಂದು ಬೇರೆ ಪೆನ್ನು ಕೇಳಿ, ಸಹಿ ಹಾಕಿದಳು. ಮೊದಲ ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು.

ಮಾರ್ಚ್ 17, ಸೋಮವಾರ

ಚಿಕ್ಕದನ್ನು ನೋಡಲು ಹೋದಾಗ ಹಾಲು ಕುಡಿಸುವ ಹೊತ್ತು. ತಾಯಿ ಹಿಂಡಿಕೊಟ್ಟ ಹಾಲನ್ನು ಚಿಕ್ಕ ಬಾಟಲಿಯಲ್ಲಿ ಕುಡಿಸುತ್ತಾರೆ. ನಾಡಿ ಹಿಡಿದು ನಿಂತಿದ್ದೆ. ತಾಯಿ ತನ್ನಷ್ಟಕ್ಕೆ ಎಂಬಂತೆ ಮಾತಾಡಿದಳು.

"ಕುಡಿಯೋದೆಲ್ಲ ಇವಳು. ಮೈಗೆ ಹತ್ತೋದು ಅವಳಿಗೆ."

"ದೊಡ್ಡದೂ ಕುಡಿಯುತ್ತಲ್ಲಮ್ಮ," ಎಂದರು ದೊಡ್ಡಮ್ಮ.

"ಎಲ್ಲಿ ಸಿಸ್ಟರ್, ನಾಲ್ಕು ಗುಟುಕು ಕುಡಿದು ತೂಕಡಿಸ್ತಾಳೆ. ಇವಳು ತಳ ಕಾಣೋವರೆಗೂ ಬಿಡಲ್ಲ. ಆದ್ರೂ ನೋಡಿ, ಕೆನ್ನೆ ಯಾರದ್ದು ಉಬ್ಬಿದೆ? ಇವಳಿಗೆ ಹಾಲು ಕೊಟ್ಟು ಮುಗಿಸೋ ಹೊತ್ತಿಗೆ ಅವಳು ಅಳು ನಿಲ್ಲಿಸಿರ್ತಾಳೆ. ನಾನು ದಿನಾ ನೋಡ್ತಿದೀನಿ." ಆಮೇಲೆ ನನ್ನ ಕಡೆ ತಿರುಗಿ, "ಇವಳು ನೆಂಟರ ಥರ ಇದಾಳೆ ಅಂದ್ರಂತೆ ದೊಡ್ಡ ಡಾಕ್ಟ್ರು. ಅಡುಗೆಮನೆಯಲ್ಲಿ ದುಡಿಯೋ ನೆಂಟರನ್ನ ನೀವು ನೋಡೇ ಇಲ್ವಾ ಡಾಕ್ಟ್ರಮ್ಮ?"

ಯಾರು ಹೇಳಿದರು ಇವಳಿಗೆ? ವಾರ್ಡಿನ ಗೋಡೆಗೂ ಕಿವಿ ಬಾಯಿ ಎರಡೂ ಇವೆ. ತಾಯಂದಿರು ಏನೇನೋ ಅಂದುಕೊಳ್ಳುತ್ತಾರೆ ಎಂದುಕೊಂಡು ಬಂದೆ.

ಚಿಕ್ಕವಳ ನಾಡಿ ನೂರ ಎಪ್ಪತ್ತು. ಬೆರಳು ಕೊಟ್ಟರೆ ಹಿಡಿಯುತ್ತಾಳೆ. ಎಲ್ಲ ಶಿಶುಗಳೂ ಹಿಡಿಯುತ್ತವೆ.

ಮಾರ್ಚ್ 18, ಮಂಗಳವಾರ

ಸಂಜೆ ಅಕ್ಕ ಒಂದು ಹಾಳೆ ಹಿಡಿದು ಗೊಣಗುತ್ತಿದ್ದಳು. ಪುಸ್ತಕ ಅಚ್ಚಾದ ಮೇಲೆ ಅವಳ ಕಣ್ಣು ತಪ್ಪಿದ ಒಂದು ತಪ್ಪು ಸಿಕ್ಕಿದೆ. ಪ್ರಕಾಶಕರು ಬಿಡಿ, ಯಾರೂ ಗಮನಿಸುವುದಿಲ್ಲ ಎಂದರಂತೆ.

"ಬಿಟ್ಟುಬಿಡು," ಎಂದೆ ನಾನೂ.

"ಹಾಗೆ ಬಿಡಕ್ಕಾಗಲ್ವೇ. ಕೊನೆಗೆ ಒಂದು ಚೀಟಿ ಅಂಟಿಸಿ ತಪ್ಪೊಪ್ಪು ಹಾಕ್ಬೇಕು. ಓದೋರು ಆ ತಪ್ಪನ್ನೇ ಸರಿ ಅಂದ್ಕೊಂಡು ಮುಂದಕ್ಕೆ ಹೋದ್ರೆ?" ಎಂದಳು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ನೀನ್ಯಾಕೆ ಹತ್ತು ದಿನದಿಂದ ಉಪ್ಪು ಜಾಸ್ತಿ ಬಿದ್ದ ಸಾರು ಉಂಡೋರ ಥರ ಮುಖ ಮಾಡ್ಕೊಂಡಿದೀಯ? ಜನರನ್ನ ಮಲಗಿಸೋದು ನಿನ್ನ ಕೆಲಸ, ಮನೆಗೆ ಬಂದು ನನ್ನ ನೆಮ್ಮದಿ ಕೆಡಿಸ್ತೀಯ."

ನಾನು ಕಾಗದ ತೆಗೆದುಕೊಂಡು ಎರಡು ಮಕ್ಕಳನ್ನು ಬರೆದೆ. ಮೇಷ್ಟ್ರಷ್ಟು ಚೆನ್ನಾಗಿ ಬರಲಿಲ್ಲ. ಔಷಧ ಚಿಕ್ಕವಳ ಪಾದದಲ್ಲಿ ಹೊರಟಿತು. ಅಗತ್ಯಕ್ಕಿಂತ ಹೆಚ್ಚೇ ಇತ್ತು. ಆದರೂ ಅವಳು ಎಚ್ಚರವಿದ್ದಳು, ದೊಡ್ಡದು ಮಲಗಿತು. ಎಂದರೆ ಅವಳ ರಕ್ತ ಆ ನಡುವಿನ ನಾಳದಿಂದ ನೇರ ದೊಡ್ಡದರ ಹೃದಯಕ್ಕೆ ಹೋಗುತ್ತಿದೆ. ಒಂದು ಕೆಂಪು, ಇನ್ನೊಂದು ಬಿಳಿಚಿಕೊಂಡದ್ದು. ಅವಳ ಹೃದಯ ದುರ್ಬಲವಲ್ಲ, ಖಾಲಿ. ಬಂದದ್ದನ್ನೆಲ್ಲ ದಾಟಿಸಿಬಿಡುತ್ತಿದೆ.

ತಿನ್ನುತ್ತಿದ್ದಾಳೆ ಎಂದು ನಾವು ಅಂದುಕೊಂಡವಳು ಉಣಿಸುತ್ತಿದ್ದಾಳೆ.

ಇದನ್ನು ಹೇಳಬೇಕಾದರೆ ಯಾರ ಪಾದಕ್ಕೆ, ಎಷ್ಟು ಎಂಬುದನ್ನೂ ಹೇಳಬೇಕು.

ಮಾರ್ಚ್ 19, ಬುಧವಾರ

ಹೇಳಿದೆ. ಮೇಷ್ಟ್ರು ಕೈ ತೊಳೆಯುತ್ತಿದ್ದರು. ನಲ್ಲಿ ನಿಲ್ಲಿಸದೆ ಪೂರ್ತಿ ಕೇಳಿದರು.

"ಹನ್ನೆರಡು ದಿನ ಇದನ್ನ ಸೆರಗಲ್ಲಿ ಕಟ್ಕೊಂಡು ಓಡಾಡ್ತಿದ್ರಾ?"

"ಹೌದು."

"ಮೊನ್ನೆ ಸಭೆಯಲ್ಲಿ ಎದುರಿಗೇ ಕೂತಿದ್ರಿ. ಆ ಸಾಲು ಬರೆಸಿದಾಗ."

"ಹೌದು."

"ಎರಡರಿಂದ ಭಾಗಿಸಿದ್ರಾ? ನೀವು? ನಮ್ಮ ಹುಡುಗರು ಹಾಗೆ ಮಾಡಿದ್ದಿದ್ರೆ ಅವರ ಚರ್ಮ ಸುಲಿದುಬಿಡ್ತಿದ್ರಿ." ನಲ್ಲಿ ನಿಲ್ಲಿಸಿದರು. "ವಿಚಾರಣೆ ಆಗುತ್ತೆ. ನಾನೇ ಬರೀತೀನಿ. ಅದು ಆಮೇಲೆ. ಈಗ ನಡೀರಿ, ಬಣ್ಣ ಹಾಕಿ ನೋಡೋಣ."

ಬಣ್ಣ ಎಂದರೆ ರಕ್ತದ ದಾರಿ ತೋರಿಸುವ ದ್ರವ. ಅದನ್ನು ಒಂದು ಮಗುವಿಗೆ ಹಾಕಿ ಪರದೆಯ ಮೇಲೆ ಎಲ್ಲಿ ಹೋಗುತ್ತದೆ ಎಂದು ನೋಡುವುದು. ನಾಡಿದ್ದು ಮಾಡುವುದೆಂದಾಯಿತು. ಮಲಗಿಸುವವನು ಗಡಿಬಿಡಿ. ನಾನು ಗಾಜಿನ ಹೊರಗೆ.

ಮಾರ್ಚ್ 21, ಶುಕ್ರವಾರ

ಚಿಕ್ಕವಳ ಪಾದದಲ್ಲಿ ಹಾಕಿದ ಬಣ್ಣ ನಾಲ್ಕು ಬಡಿತದಲ್ಲಿ ದೊಡ್ಡದರ ಹೃದಯದಲ್ಲಿತ್ತು. ದೊಡ್ಡದರ ಪಾದದಲ್ಲಿ ಹಾಕಿದ್ದು ಇವಳ ಕಡೆಗೆ ಬಂದದ್ದು ಎಳೆಯಷ್ಟು. ಗಾಜಿನ ಹೊರಗಿದ್ದ ನನಗೂ ಕಂಡಿತು. ದೊಡ್ಡಮ್ಮ ಒಳಗಿನಿಂದ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು, ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಮಧ್ಯಾಹ್ನ ಸಭೆ. ನಾಳ ಹುಟ್ಟುವುದು ಚಿಕ್ಕವಳ ಕಡೆ, ಸೇರುವುದು ದೊಡ್ಡದರ ಕಡೆ. ಈಗ ಅದು ಯಾರದ್ದು? ಎರಡು ಗಂಟೆ ಚರ್ಚೆ. ನಾನು ಸಾಮಾನ್ಯವಾಗಿ ಸಭೆಗಳಲ್ಲಿ ಬಾಯಿ ಬಿಡುವವಳಲ್ಲ. ಇವತ್ತು ಹೇಳಿದೆ: ಅದು ಅವಳದು, ಹುಟ್ಟಿದಾಗಿನಿಂದ ಕೊಟ್ಟುಕೊಂಡೇ ಬಂದಿದ್ದಾಳೆ, ಇನ್ನು ಸಾಕು. ಗಡಿಬಿಡಿ ಏನೋ ಹೇಳಹೊರಟ. "ಆದ್ರೆ ಮೇಡಂ, ದೊಡ್ಡದರ ಹೃದಯಕ್ಕೆ ಈಗಲೇ ಭಾರ ಜಾಸ್ತಿ ಆಗಿದೆ, ಇದರ ಮೇಲೆ ಆ ನಾಳನೂ ಇಲ್ಲ ಅಂದ್ರೆ..." ದೊಡ್ಡದು ಗಟ್ಟಿ ಇದೆ, ತಡೆದುಕೊಳ್ಳುತ್ತೆ ಎಂದೆ. ಅವನು ಕೂತ. ಕೊನೆಗೆ ಮೇಷ್ಟ್ರು ನಾಳ ಚಿಕ್ಕವಳಿಗೆ, ಹೊಸ ದಾರಿ ದೊಡ್ಡದಕ್ಕೆ ಎಂದು ಬರೆಸಿದರು. ನಾಳ ಕಟ್ಟಿದ ಕೂಡಲೇ ದೊಡ್ಡದರ ರಕ್ತದೊತ್ತಡ ಕುಸಿಯುತ್ತದೆ, ಅದಕ್ಕೆ ಆ ಕಡೆ ರಕ್ತ ಸಿದ್ಧವಿರಬೇಕು. ಇದು ಮೊದಲೇ ತಿಳಿದದ್ದು ದೊಡ್ಡ ಉಪಕಾರ ಎಂದರು, ನನ್ನ ಕಡೆ ನೋಡದೆ.

ತಂದೆ ತಾಯಿಗೆ ಸ್ಕ್ಯಾನ್ ದಿನದ ನನ್ನ ತಪ್ಪನ್ನು ನಾನೇ ಹೇಳಬೇಕೆಂದು ತೀರ್ಮಾನವಾಗಿತ್ತು. ಹೇಳಿದೆ. ತಂದೆ ಎದ್ದು ನಿಂತ. ತಾಯಿ ಅವನ ಕೈ ಹಿಡಿದು ಕೂರಿಸಿದಳು.

"ಅವತ್ತು ಬಾಗ್ಲು ತೆಗೆದು ಬಂದ್ರಲ್ಲ, ಆಗಲೇ ನಿಮ್ಮ ಮುಖ ನೋಡಿದ್ದೆ. ಏನೋ ಆಗಿದೆ ಅಂತ ಗೊತ್ತಿತ್ತು. ಏನು ಅಂತ ಹೇಳಕ್ಕೆ ಇಷ್ಟು ದಿನ ಬೇಕಾಯ್ತಾ?"

ಮೇಷ್ಟ್ರು ನಾಳದ ವಿಷಯ ವಿವರಿಸಿ, ಒಪ್ಪಿಗೆ ಪತ್ರದ ಆ ಸಾಲನ್ನು ಏನು ಮಾಡೋಣ ಎಂದು ಕೇಳಿದರು. ತಂದೆ ಪೆನ್ನು ತೆಗೆದು ಸಾಲಿನ ಮೇಲೆ ಗೆರೆ ಎಳೆದ, ಕಾಗದ ಹರಿಯುವಷ್ಟು ಒತ್ತಿ. ಹಾಗಾದರೆ ನಾಳ ಚಿಕ್ಕವಳಿಗೆ, ನಿಮಗೆ ಒಪ್ಪಿಗೆಯೇ ಎಂದರು ಮೇಷ್ಟ್ರು.

"ಯಾರದ್ದೋ ಅವರಿಗೆ ಕೊಡಿ," ಎಂದಳು ತಾಯಿ. "ನನ್ನ ಕೇಳ್ಬೇಡಿ. ಕೇಳಿದ್ರೆ ನಾನು ಇಬ್ಬರಿಗೂ ಅಂತೀನಿ. ನೀವು ಆಗಲ್ಲ ಅಂತೀರಿ."

ಮಾರ್ಚ್ 24, ಸೋಮವಾರ

ಆಪರೇಷನ್ ಥಿಯೇಟರಿನಲ್ಲಿ ತಾಲೀಮು. ಬೇರ್ಪಡಿಸಿದ ಗಳಿಗೆಯಲ್ಲಿ ಒಂದು ಮಗು ಪಕ್ಕದ ಮೇಜಿಗೆ ಹೋಗಬೇಕು. ಯಾರು ಎಲ್ಲಿ ನಿಲ್ಲಬೇಕು, ಯಾವ ತಂತಿ ಯಾರ ತಲೆಯ ಮೇಲಿಂದ ಹೋಗಬೇಕು ಎಂದು ಗೊಂಬೆಗಳನ್ನಿಟ್ಟು ಅಭ್ಯಾಸ. ದೊಡ್ಡಮ್ಮ ಎರಡು ಬಟ್ಟೆ ಗೊಂಬೆ ತಂದು ಹೊಟ್ಟೆಗೆ ಹೊಟ್ಟೆ ಸೇರಿಸಿ ಹೊಲಿಯುತ್ತ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ತಾಯಿ ನೋಡಿ ತಡೆಯಲಾರದೆ ಕಸಿದುಕೊಂಡಳು.

"ಇದೇನು ಸಿಸ್ಟರ್, ಹೀಗೆ ಹೊಲಿದ್ರೆ ಆಪರೇಷನ್‌ಗೆ ಮುಂಚೆನೇ ಬಿಚ್ಕೊಳ್ಳುತ್ತೆ."

"ಬಿಚ್ಚೋದಕ್ಕೇ ತಾನೆ ತಾಯಿ ಹೊಲೀತಿರೋದು?"

"ಬಿಚ್ಚೋರು ಬಿಚ್ಚಲಿ. ಹೊಲಿಯೋರು ಸರಿಯಾಗಿ ಹೊಲಿಬೇಕು."

ಹಲ್ಲಿನಿಂದ ದಾರ ಕಡಿದು ಹತ್ತು ನಿಮಿಷದಲ್ಲಿ ಹೊಲಿದುಕೊಟ್ಟಳು. ಬಹಳ ಗಟ್ಟಿ ಹೊಲಿಗೆ. ಮೇಷ್ಟ್ರು ಕತ್ತರಿಸಲು ಎರಡು ಬ್ಲೇಡ್ ಬದಲಿಸಿದರು. ಗೊಂಬೆ ಎತ್ತುವ ಸರದಿ ಗಡಿಬಿಡಿಯದು, ಆಕ್ಸಿಜನ್ ಕೊಳವೆ ಎಡವಿ ಗೊಂಬೆ ಸಮೇತ ಮುಗ್ಗರಿಸಿದ. ಎಲ್ಲರೂ ನಕ್ಕೆವು. ಕೊಳವೆಯ ಜಾಗ ಬದಲಾಯಿತು.

ಮಾರ್ಚ್ 27, ಗುರುವಾರ

ಬೆಳಗ್ಗೆ ಏಳಕ್ಕೆ ಒಳಗೆ, ಸಂಜೆ ಐದಕ್ಕೆ ಹೊರಗೆ.

ಕಣ್ಣಂದಾಜಿನ ತೂಕವನ್ನು ಗಡಿಬಿಡಿಯೂ ನಾನೂ ಬೇರೆ ಬೇರೆ ಬರೆದು, ಹೋಲಿಸಿ, ಒಪ್ಪಿಕೊಂಡು ಔಷಧ ತುಂಬಿದೆವು. ಮಲಗಿಸುವ ಮುಂಚೆ ಚಿಕ್ಕವಳು ನನ್ನನ್ನು ನೋಡಿದಳು. ಹುಟ್ಟಿ ಇಪ್ಪತ್ತೈದು ದಿನದ ಕಣ್ಣಿಗೆ ಒಂದು ಗೇಣು ದೂರದ ಮುಖ ಮಾತ್ರ ಕಾಣುತ್ತದೆಯಂತೆ. ನಾನು ಮಾಸ್ಕ್ ಕಟ್ಟಿಕೊಳ್ಳುವುದನ್ನು ತಡಮಾಡಿದೆ, ದೊಡ್ಡಮ್ಮ ಗದರಿದರು.

ಲಿವರ್ ಕತ್ತರಿಸಲು ನಾಲ್ಕು ಗಂಟೆ. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಮೇಷ್ಟ್ರು ನಾಳದ ಆ ಕಡೆಯ ತುದಿಗೆ ಚಿಮಟ ಹಾಕಿದರು. ಪಕ್ಕದ ಪರದೆಯಲ್ಲಿ ದೊಡ್ಡದರ ಒತ್ತಡ ಕುಸಿಯಿತು, ಹೇಳಿದ ಹಾಗೆಯೇ. ಗಡಿಬಿಡಿ ರಕ್ತ ಕೊಡುತ್ತ ಒಂದೊಂದೇ ಸಂಖ್ಯೆ ಗಟ್ಟಿಯಾಗಿ ಹೇಳುತ್ತಿದ್ದ. ನಾನು ನನ್ನ ಪರದೆ ನೋಡುತ್ತಿದ್ದೆ. ಅಲ್ಲಿ ಅವಳ ಹೃದಯ ತುಂಬಿಕೊಳ್ಳುತ್ತಿತ್ತು. ಗೆರೆ ಒಂದೊಂದು ಬಡಿತಕ್ಕೂ ಎತ್ತರವಾಗುತ್ತ ಹೋಯಿತು. ಇಷ್ಟು ದಿನ ಅವಳು ಇಷ್ಟೆಲ್ಲವನ್ನೂ ಆ ಕಡೆಗೆ ಕೊಡುತ್ತಿದ್ದಳು. "ನೋಡಿ, ನೋಡಿ," ಎಂದೆನಂತೆ. ಯಾರಿಗೆ ಹೇಳಿದೆನೋ.

ಆಮೇಲೆ ಅವಳನ್ನು ಎತ್ತಿ ಪಕ್ಕದ ಮೇಜಿಗೆ ಒಯ್ದರು. ಎರಡು ಮೇಜು, ಎರಡು ಮಗು. ಮೇಷ್ಟ್ರು ಪಾಠ ಹೇಳುವುದನ್ನು ಮರೆತಿದ್ದರು.

ದೊಡ್ಡದಕ್ಕೆ ಹೊಸ ದಾರಿ ಕಟ್ಟಿದರು. ಹರಿಯುತ್ತಿದೆ ಎಂದರು.

ಮಾರ್ಚ್ 28, ಶುಕ್ರವಾರ

ಮೊದಲ ಬಾರಿ ಬೇರೆ ಬೇರೆ ತೂಕ. ಚಿಕ್ಕವಳು ಸಾವಿರದ ಎಂಟುನೂರ ಹತ್ತು. ದೊಡ್ಡದು ಎರಡು ಸಾವಿರದ ಏಳುನೂರ ನಲವತ್ತು. ಎರಡೂ ಕೂಡಿಸಿದರೆ ಮೊನ್ನೆ ಒಟ್ಟಿಗೆ ತೂಗಿದ್ದಕ್ಕಿಂತ ಅರವತ್ತು ಗ್ರಾಂ ಕಡಿಮೆ. ಅದೆಲ್ಲಿ ಹೋಯಿತು ಎಂದು ಗಡಿಬಿಡಿ ಕೇಳಿದ. ದೊಡ್ಡಮ್ಮ ಅವನ ಬೆನ್ನಿಗೆ ಒಂದು ಏಟು ಹಾಕಿ ಊಟಕ್ಕೆ ಕಳಿಸಿದರು.

ಮಾರ್ಚ್ 31, ಸೋಮವಾರ

ಚಿಕ್ಕವಳ ಉಸಿರಿನ ಕೊಳವೆ ತೆಗೆದೆ. ಅತ್ತಳು. ಧ್ವನಿ ಒಡೆದ ಸೀಟಿಯ ಹಾಗಿದೆ. ತಾಯಿ ಬಾಗಿಲಲ್ಲಿ ನಿಂತು, "ಇದು ಅವಳದೇ, ನಂಗೊತ್ತು," ಎಂದಳು. ಕೆನ್ನೆಗೆ ಬಣ್ಣ ಬಂದಿದೆ. ಇವತ್ತು ನನ್ನ ಪಾಳಿ ಮುಗಿದ ಮೇಲೂ ಎರಡು ಗಂಟೆ ಅಲ್ಲೇ ಇದ್ದೆ, ಬರೆಯುವ ಕೆಲಸ ಬಾಕಿಯಿತ್ತು.

ವಿಚಾರಣೆಯ ಪತ್ರ ಬಂದಿದೆ. ಅಕ್ಕ ಓದಿ ಎರಡು ಕಾಗುಣಿತದ ತಪ್ಪು ಗುರುತು ಮಾಡಿದಳು.

ದೊಡ್ಡದರ ಕೊಳವೆ ಇನ್ನೂ ಇದೆ.

ಏಪ್ರಿಲ್ 2, ಬುಧವಾರ

ದೊಡ್ಡದರ ಹೊಟ್ಟೆ ಊದುತ್ತಿದೆ. ಕಣ್ಣಿನ ಬಿಳಿ ಹಳದಿಯಾಗಿದೆ. ಹೊಸ ದಾರಿ ಕಿರಿದಾಗುತ್ತಿದೆ ಎಂದು ಸ್ಕ್ಯಾನ್. ಮೇಷ್ಟ್ರು ಮತ್ತೆ ಒಳಗೆ ಕರೆದೊಯ್ದು ಅಗಲ ಮಾಡಿ ತಂದರು. ಮಲಗಿಸಿದವನು ಗಡಿಬಿಡಿ.

ಚಿಕ್ಕವಳು ಮೂವತ್ತು ಮಿಲಿ ಹಾಲು ಕುಡಿದಳು.

ಏಪ್ರಿಲ್ 4, ಶುಕ್ರವಾರ

ತಾಯಿ ಎರಡು ತೊಟ್ಟಿಲುಗಳ ನಡುವೆ ಕುರ್ಚಿ ಹಾಕಿಕೊಂಡು ಒಂದೊಂದು ಕೈ ಒಂದೊಂದರೊಳಗೆ ಇಟ್ಟು ಕೂತಿರುತ್ತಾಳೆ. ಊಟಕ್ಕೆ ಏಳು ಎಂದರೆ, "ಯಾವ ಕೈ ತೆಗೀಲಿ?" ಎನ್ನುತ್ತಾಳೆ. ಇವತ್ತು ದೊಡ್ಡಮ್ಮ ತಾವೇ ತುತ್ತು ಮಾಡಿ ತಿನ್ನಿಸಿದರು.

ಆಚೆ ಹೊರಟಾಗ ನನ್ನನ್ನು ನಿಲ್ಲಿಸಿದಳು.

"ಡಾಕ್ಟ್ರಮ್ಮ, ಆ ನಾಳ ಇವಳಿಗೇ ಬಿಟ್ಟಿದ್ರೆ, ಇವಳು ಹುಷಾರಾಗ್ತಿದ್ಲಾ?" ಅವಳ ಎಡಗೈ ದೊಡ್ಡದರ ಮೇಲಿತ್ತು.

ಆಗಬಹುದಿತ್ತು ಎಂದೆ.

"ಆಗ ಅವಳು?"

ಇರುತ್ತಿರಲಿಲ್ಲ ಎಂದೆ.

ಅವಳು ತಲೆಯಾಡಿಸಿದಳು. "ಸುಳ್ಳು ಹೇಳ್ತೀರೇನೋ ಅಂತ ಕೇಳ್ದೆ," ಎಂದಳು.

ಏಪ್ರಿಲ್ 5, ಶನಿವಾರ

ಬೆಳಗ್ಗೆ ಹತ್ತು ನಲವತ್ತಕ್ಕೆ ಹೋಯಿತು. ಗಡಿಬಿಡಿ ಅರ್ಧ ಗಂಟೆ ಎದೆ ಒತ್ತುತ್ತಲೇ ಇದ್ದ. ಮೇಷ್ಟ್ರು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಹೊಸ ದಾರಿ ಪೂರ್ತಿ ಮುಚ್ಚಿಕೊಂಡಿತ್ತು.

ಚಿಕ್ಕವಳು ಅಷ್ಟು ಹೊತ್ತೂ ಮಲಗಿದ್ದಳು. ತಂದೆ ಎಷ್ಟು ಗಂಟೆಗೆ ಎಂದು ಕೇಳಿದ. ಹೇಳಿದೆ. ಅಂಗೈ ಮೇಲೆ ಬರೆದುಕೊಂಡ.

ಏಪ್ರಿಲ್ 6, ಭಾನುವಾರ

ಏನೂ ಇಲ್ಲ.

ಏಪ್ರಿಲ್ 10, ಗುರುವಾರ

ವಿಚಾರಣೆ ಆಯಿತು. ಮೂವರು ಕೂತಿದ್ದರು. ಎಚ್ಚರಿಕೆ ಪತ್ರ ಕೊಟ್ಟರು. ನನ್ನ ತಪ್ಪಿನಿಂದ ಒಂದು ಮಗು ಉಳಿಯಿತು ಎಂದು ಅವರಲ್ಲಿ ಒಬ್ಬರು ಸಮಾಧಾನದ ಮಾತಾಡಿದರು. ಅವರಿಗೆ ಒಳ್ಳೆಯ ಮನಸ್ಸಿದೆ. ಕೃತಜ್ಞತೆ ಹೇಳಿ ಎದ್ದೆ. ಮನೆಗೆ ನಡೆದೇ ಬಂದೆ. ದಾರಿಯಲ್ಲಿ ಎರಡು ಬಸ್ಸು ನನಗಾಗಿ ನಿಂತವು, ಹತ್ತಲಿಲ್ಲ.

"ಮುಖ ಯಾಕೆ ಹಾಗಿದೆ, ಕೆಲಸ ಹೋಯ್ತಾ?" ಎಂದಳು ಅಕ್ಕ.

"ಇಲ್ಲ."

"ಮತ್ತೆ?"

ಅಕ್ಕ ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಮಾಡಿ ನನಗೆ ಕೂರಲು ಜಾಗ ಮಾಡಿದಳು. ಹಿಂದೆಂದೂ ಅವಳು ಹಾಗೆ ಮಾಡಿದ್ದು ನೆನಪೇ ಇಲ್ಲ.

ಏಪ್ರಿಲ್ 16, ಬುಧವಾರ

ಚಿಕ್ಕವಳು ಮನೆಗೆ ಹೋದಳು. ಎರಡು ಕಿಲೋ ಇನ್ನೂರು. ದೊಡ್ಡಮ್ಮ ಟೋಪಿ ಹಾಕಿ, ತೆಗೆದು, ಬೇರೆ ಟೋಪಿ ಹಾಕಿ ಕಳಿಸಿದರು. ಮೇಷ್ಟ್ರು ಹೊಟ್ಟೆಯ ಗಾಯದ ಗೆರೆ ತೋರಿಸಿ, "ಹೇಗಿದೆ ಹೊಲಿಗೆ?" ಎಂದು ತಾಯಿಯನ್ನು ಕೇಳಿದರು.

ಅವಳು ಬೆರಳಿನಿಂದ ಮುಟ್ಟಿ ನೋಡಿದಳು. "ಪರವಾಗಿಲ್ಲ. ಇಲ್ಲೊಂದು ಕಡೆ ಎಳೆದಿದೀರಿ."

ಹೆಸರು ಇಟ್ಟಿರಾ ಎಂದು ಕೇಳಿದೆ.

"ಎರಡು ಹೆಸರು ಇಟ್ಕೊಂಡಿದ್ವಿ. ಯಾವುದು ಯಾರಿಗೆ ಅಂತ ಇಟ್ಟಿರಲಿಲ್ಲ. ಒಟ್ಟಿಗೆ ಕರಿಯೋದೇ ಅಭ್ಯಾಸ ಆಗಿತ್ತು." ಗಂಡನ ಕಡೆ ನೋಡಿದಳು. "ಈಗ ಇವರೂ ಹೇಳಲ್ಲ, ನಾನೂ ಹೇಳಲ್ಲ."

ಮಗುವನ್ನು ನನ್ನ ಕೈಗೆ ಕೊಟ್ಟು ಕಾಗದಗಳಿಗೆ ಸಹಿ ಹಾಕಿದಳು. ಮತ್ತೆ ಎತ್ತಿಕೊಳ್ಳುವಾಗ ಎರಡು ಕೈಯನ್ನೂ ಅಗಲವಾಗಿ ಚಾಚಿದಳು, ಬೇಕಾದ್ದಕ್ಕಿಂತ ಅಗಲ. ಆಮೇಲೆ ಹತ್ತಿರ ತಂದುಕೊಂಡಳು. ಕಿಟಕಿಯಿಂದ ನೋಡುತ್ತಿದ್ದೆ. ರಸ್ತೆ ದಾಟುವಾಗ ತಂದೆ ಮುಂದೆ ಹೋಗಿ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದ. ಅವರಿಗೆ ಹತ್ತಬೇಕಿರಲಿಲ್ಲ, ದಾಟಬೇಕಿತ್ತು ಅಷ್ಟೆ.

ಈಗ ಮನೆ. ಅಕ್ಕ ಒಳಗೆ ಏನೋ ಗಟ್ಟಿಯಾಗಿ ಓದಿಕೊಂಡು ತಿದ್ದುತ್ತಿದ್ದಾಳೆ. ಚಿಕ್ಕವಳ ಬಗ್ಗೆ ಇನ್ನು ಬರೆಯಬೇಕಾದ್ದಿಲ್ಲ. ಬೆಳೆಯುತ್ತಾಳೆ, ಎಲ್ಲೋ ಇರುತ್ತಾಳೆ, ಸಾಕು. ಆದರೂ ಪುಸ್ತಕ ಮುಚ್ಚಲು ಆಗುತ್ತಿಲ್ಲ. ಆ ನಾಳ ಯಾರದ್ದು ಎಂಬುದಕ್ಕೆ ನನ್ನ ಬಳಿ ಕಾರಣಗಳಿದ್ದವು, ಈಗಲೂ ಇವೆ, ಒಂದೂ ತಪ್ಪಲ್ಲ. ಮತ್ತೆ ಸಭೆ ಸೇರಿದರೆ ಮತ್ತೆ ಅದನ್ನೇ ಹೇಳುತ್ತೇನೆ. ದೊಡ್ಡವಳೇ, ಆ ದಿನ ನಿನ್ನ ತಂಗಿಗಾಗಿ ನಾನು ಅಷ್ಟು ಜೋರಾಗಿ ಮಾತಾಡುತ್ತಿದ್ದಾಗ, ಆ ಕೋಣೆಯಲ್ಲಿ ನಿನ್ನ ಪರವಾಗಿ ಯಾರಿದ್ದರು?